ನೂರ್ ಬ್ಯಾರಿಯ ಕಿಲೋ

ಸರ್ಕಾರ ಯಾವ ಕೆಲಸ ಮಾಡಿದರೂ ಒಳ್ಳೆಯದಕ್ಕೇ ಮಾಡುತ್ತದೆ. ಆದರೆ ಆ ಒಳ್ಳೆಯದು ಬೆಂಗಳೂರಿನಿಂದ ಹೊರಟು, ಘಟ್ಟ ಇಳಿದು, ಮಂಗಳೂರನ್ನು ಮುಟ್ಟಿ, ಅಲ್ಲಿಂದ ಬಿಜೈಯ ಇಳಿಜಾರಿನಲ್ಲಿರುವ ನೂರ್ ಮುಹಮ್ಮದ್ ಬ್ಯಾರಿಯ ದಿನಸಿ ಅಂಗಡಿಗೆ ತಲಪುವಷ್ಟರಲ್ಲಿ ಹೆತ್ತವರಿಗೇ ಗುರುತು ಸಿಗದಷ್ಟು ಬದಲಾಗಿರುತ್ತದೆ. ಕಿಲೋ ಬಂದದ್ದೂ ಹಾಗೆಯೇ.

ಅರವತ್ತೆರಡನೆಯ ಇಸವಿಯ ಮಾರ್ಚ್ ಕೊನೆಯ ವಾರ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರು ಅಂಗಡಿಗೆ ಬಂದರು. ಸೇರು, ರಾತಲುಗಳ ಹಳೆಯ ತೂಕದ ಕಲ್ಲುಗಳನ್ನೆಲ್ಲ ಗೋಣಿಗೆ ತುಂಬಿಸಿಕೊಂಡರು. ಅದಕ್ಕೆ ಒಂದು ರಸೀದಿ ಕೊಟ್ಟರು. ಒಂದನೆಯ ತಾರೀಕಿನಿಂದ ಎಲ್ಲವೂ ಕಿಲೋ, ಹೊಸ ಕಲ್ಲು ಬಂದರಿನಲ್ಲಿ ಸಿಗುತ್ತದೆ ಎಂದರು. ಕಿಲೋ ಎಂದರೆ ಎಷ್ಟು ಎಂದು ನೂರ್ ಬ್ಯಾರಿ ಕೇಳಿದ. ಎರಡು ರಾತಲಿಗಿಂತ ಸ್ವಲ್ಪ ಹೆಚ್ಚು ಎಂದು ಹೇಳಿ ಅವರು ಜೀಪು ಹತ್ತಿದರು. ಆ ‘ಸ್ವಲ್ಪ’ ಎಷ್ಟು ಎಂದು ಕೇಳುವಷ್ಟರಲ್ಲಿ ಜೀಪು ತಿರುವು ದಾಟಿತ್ತು.

ಬಂದರಿನ ಕಬ್ಬಿಣದ ವ್ಯಾಪಾರಿ, ಕಲ್ಲು ಲಾರಿಯಲ್ಲಿ ಬರ್ತಾ ಉಂಟು, ಮುಂದಿನ ವಾರ ಬನ್ನಿ ಎಂದ. ವ್ಯಾಪಾರಸ್ಥರ ಭಾಷೆಯಲ್ಲಿ ಮುಂದಿನ ವಾರ ಎಂಬುದಕ್ಕೆ ತಾರೀಕು ಇರುವುದಿಲ್ಲ ಎಂಬುದು ಮೂವತ್ತು ವರ್ಷ ಅದೇ ಮಾತನ್ನು ಗಿರಾಕಿಗಳಿಗೆ ಹೇಳಿಕೊಂಡು ಬಂದ ನೂರ್ ಬ್ಯಾರಿಗೆ ಗೊತ್ತಿತ್ತು. ಏಪ್ರಿಲ್ ಮೊದಲ ಎರಡು ದಿನ ಅಂಗಡಿಯಲ್ಲಿ ಎಣಿಸಿ ಕೊಡುವ ಸರಕು ಮಾತ್ರ ಹೋಯಿತು. ತೆಂಗಿನಕಾಯಿ, ಬೆಂಕಿಪೆಟ್ಟಿಗೆ, ಸಾಬೂನು. ಅಕ್ಕಿ ಕೇಳಲು ಬಂದವರು ಖಾಲಿ ತಕ್ಕಡಿಯನ್ನು ನೋಡಿ, ಯಾರೋ ತೀರಿಕೊಂಡ ಮನೆಗೆ ಬಂದವರಂತೆ ಎರಡು ಮಾತಾಡಿ ಹೋದರು.

ಈ ಸಂಕಟದ ನಡುವೆಯೂ ನೂರ್ ಬ್ಯಾರಿಗೆ ಒಂದು ಹೆಮ್ಮೆ ಇತ್ತು. ಅವನ ಮಗ ಸಮದ್ ಕಾಲೇಜಿನಲ್ಲಿದ್ದ.

ಆ ಕಾಲೇಜು ಎಂದರೆ ಗುಡ್ಡದ ಮೇಲಿನ ಹಳೆಯ ಗೋದಾಮಿನಲ್ಲಿ ನಡೆಯುತ್ತಿದ್ದ ಕೈಗಾರಿಕಾ ತರಬೇತಿಯ ಶಾಲೆ. ಅಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ಎಂದು ಮೂರು ವಿದ್ಯೆ ಕಲಿಸುತ್ತಿದ್ದರು. ಬೋರ್ಡಿನಲ್ಲಿ ಕಾಲೇಜು ಎಂಬ ಅಕ್ಷರ ಇರಲಿಲ್ಲ. ಆದರೆ ಬೋರ್ಡು ಓದಲು ಬಿಜೈಯಿಂದ ಗುಡ್ಡ ಹತ್ತುವವರು ಯಾರು? ನೂರ್ ಬ್ಯಾರಿ ಕಾಲೇಜು ಎಂದ, ಊರು ಕಾಲೇಜು ಎಂದಿತು.

ಮಗನನ್ನು ಅಲ್ಲಿಗೆ ಕಳಿಸಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ, ಅಂಗಡಿಯ ಮೇಲಿನ ಪ್ರೀತಿಯಿಂದ. ಸಮದ್ ಐದು ವರ್ಷ ಅಂಗಡಿಯಲ್ಲಿ ಕುಳಿತಿದ್ದ. ಅವನಿಗೆ ಮೋಸ ಗೊತ್ತಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ಇದ್ದದ್ದು ಒಂದೇ ರೋಗ. ತಕ್ಕಡಿಯ ಮುಳ್ಳು ಸರಿಯಾಗಿ ನಡುವೆ ನಿಲ್ಲದೆ ಅವನು ಸಾಮಾನು ಕೊಡುತ್ತಿರಲಿಲ್ಲ. ಒಂದು ಚಿಟಿಕೆ ತೊಗರಿಬೇಳೆ ಹಾಕುವನು, ನಾಲ್ಕು ಕಾಳು ತೆಗೆಯುವನು, ಎರಡು ಹಾಕುವನು, ಒಂದನ್ನು ತೆಗೆದು ಬೆಳಕಿಗೆ ಹಿಡಿದು ಯೋಚಿಸುವನು. ಅಷ್ಟರಲ್ಲಿ ಗಿರಾಕಿ ಎದುರಿನ ಅಂಗಡಿಯಲ್ಲಿ ಬೇಳೆ ಕೊಂಡು, ಮನೆಗೆ ಹೋಗಿ, ಬೇಯಿಸಿ, ಉಂಡು ಆಗಿರುತ್ತಿತ್ತು. ಇನ್ನೊಂದು ವರ್ಷ ಇವನು ಕುಳಿತರೆ ಅಂಗಡಿಯಲ್ಲಿ ಬೀಗ ಮಾತ್ರ ಉಳಿಯುತ್ತದೆ ಎಂದು ನೂರ್ ಬ್ಯಾರಿಗೆ ಖಾತ್ರಿಯಾಯಿತು. ಅವನು ಮಗನನ್ನು ಫಿಟ್ಟರ್ ತರಗತಿಗೆ ಸೇರಿಸಿದ. ಪಾಸಾದರೆ ಎಲ್ಲಾದರೂ ಕಾರ್ಖಾನೆಯಲ್ಲಿ ಕೆಲಸ. ಫೇಲಾದರೆ ಮಗ ಅಂಗಡಿಗೆ ವಾಪಸು. ಈ ಎರಡನೆಯದನ್ನು ನೆನೆದಾಗಲೆಲ್ಲ ನೂರ್ ಬ್ಯಾರಿ ಐದು ಹೊತ್ತಿನ ನಮಾಜಿನಲ್ಲೂ ಮಗನ ಪರೀಕ್ಷೆಗಾಗಿ ಒಂದು ಮಾತು ಸೇರಿಸುತ್ತಿದ್ದ.

ಇಷ್ಟು ಪ್ರೀತಿಯಿದ್ದರೂ ತಂದೆ ಮಗ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ. ಮೀಸೆ ಬಂದ ಮಗ ಬಾಪನ ಎದುರು ನಿಂತು ಮಾತಾಡುವುದು ಮರ್ಯಾದೆಯಲ್ಲ ಎಂಬುದು ಆ ಮನೆಯ ಕ್ರಮ. ಹೇಳುವುದೆಲ್ಲ ತಾಯಿ ಬೀಫಾತಿಮ್ಮನ ಮೂಲಕ. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗನ ಮಾತನ್ನು ಗಂಡನಿಗೂ ಗಂಡನ ಮಾತನ್ನು ಮಗನಿಗೂ ಮುಟ್ಟಿಸುತ್ತಿದ್ದಳು. ಆದರೆ ಒಲೆಯ ಮೇಲೆ ಸಾರು ಕುದಿಯುವಾಗ ಯಾವ ಹೆಂಗಸೂ ಪೂರ್ತಿ ಮಾತು ಮುಟ್ಟಿಸುವುದಿಲ್ಲ. ಅರ್ಧ ಹೇಳುತ್ತಿದ್ದಳು, ಉಳಿದರ್ಧ ಒಲೆಯ ಪಾಲು.

ಏಪ್ರಿಲ್ ಮೂರರಂದು ನೂರ್ ಬ್ಯಾರಿ ಹಗ್ಗ ಹುಡುಕಲು ಅಂಗಡಿಯ ಹಿಂದಿನ ಅಟ್ಟಕ್ಕೆ ಕೈ ಹಾಕಿದ. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಭಾರದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಕಬ್ಬಿಣದ ಚೌಕ ತುಂಡು. ಐದು ಮುಖ ಒರಟು, ಒಂದು ಮುಖ ಮಾತ್ರ ಕನ್ನಡಿ. ಆ ಕನ್ನಡಿಯಂಥ ಮುಖದಲ್ಲಿ ಒಂದು ನಕ್ಷತ್ರದ ಗುರುತು, ಪಕ್ಕದಲ್ಲಿ 1 ಎಂಬ ಅಂಕೆ, ಉಳಿ ಹೊಡೆದು ಒತ್ತಿದ್ದು. ಅದು ಕಾಲೇಜಿನ ಮುದ್ರೆ ಮತ್ತು ಸಮದನ ನಂಬರು. ಅಲ್ಲಿ ವಯಸ್ಸಿನ ಪ್ರಕಾರ ನಂಬರು ಕೊಡುತ್ತಿದ್ದರು, ಇಪ್ಪತ್ತನಾಲ್ಕರ ಸಮದ್ ತರಗತಿಗೇ ಹಿರಿಯ. ಆದರೆ ನೂರ್ ಬ್ಯಾರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಮೂರು ದಿನದಿಂದ ಒಂದು ಕಿಲೋದ ಕಲ್ಲಿಗಾಗಿ ಪರದಾಡುತ್ತಿದ್ದ ಮನುಷ್ಯನಿಗೆ ಕಬ್ಬಿಣದ ಮೇಲೆ 1 ಕಂಡರೆ ಅದು ಇನ್ನೇನಾಗಿ ಕಾಣಬೇಕು?

ಅವನು ಹೆಂಡತಿಯನ್ನು ಕರೆದು ಇದು ಎಂತ ಎಂದು ಕೇಳಿದ.

‘ಸಮದ್ ಕಾಲೇಜಿಂದ ತಂದದ್ದು,’ ಎಂದಳು ಬೀಫಾತಿಮ್ಮ. ‘ಸರ್ಕಾರದ ಕಬ್ಬಿಣ ಅಂತೆ. ಸೀಲ್ ಉಂಟಂತೆ. ಬೀಳಿಸಬಾರದಂತೆ.’

ಒಲೆಗೆ ಬಿದ್ದ ಅರ್ಧ ಇದು: ಅದು ಸಮದನ ಕೊನೆಯ ಪರೀಕ್ಷೆಯ ತುಂಡು. ಅರದಿಂದ ಉಜ್ಜಿ ಉಜ್ಜಿ ಅದನ್ನು ಆರೂ ಮುಖ ಸಮನಾದ, ಐವತ್ತು ಮಿಲಿಮೀಟರಿನ ಘನ ಮಾಡಬೇಕು. ಉಳಿದ ಹುಡುಗರು ತಿಂಗಳಲ್ಲಿ ಮುಗಿಸುವ ಕೆಲಸಕ್ಕೆ ಸಮದನಿಗೆ ಮೂರು ತಿಂಗಳು ಬೇಕೆಂದು ಕಂಡ ಯೂಸ್ಟೇಸ್ ಮಾಸ್ಟರರು, ಮನೆಗೆ ಕೊಂಡುಹೋಗಿ ಬೆಳಿಗ್ಗೆ ಬೆಳಿಗ್ಗೆ ಉಜ್ಜು ಎಂದು ಅಪ್ಪಣೆ ಕೊಟ್ಟಿದ್ದರು.

ನೂರ್ ಬ್ಯಾರಿಯ ಕಣ್ಣು ತುಂಬಿತು. ಬಾಪನ ಕಷ್ಟ ನೋಡಲಾರದೆ ಮಗ ಸರ್ಕಾರದ ಕಾಲೇಜಿನಿಂದಲೇ ಕಿಲೋ ತಂದಿದ್ದಾನೆ, ಹೇಳಲು ನಾಚಿಕೆಪಟ್ಟು ಅಟ್ಟದಲ್ಲಿ ಇಟ್ಟಿದ್ದಾನೆ. ನೇರವಾಗಿ ಉಪಕಾರವಾಯಿತು ಎನ್ನುವುದು ಕ್ರಮವಲ್ಲವಾದ್ದರಿಂದ ಆ ದಿನದ ಊಟಕ್ಕೆ ಮಗನಿಗೆ ಎರಡು ತುಂಡು ಮೀನು ಹೆಚ್ಚು ಹಾಕು ಎಂದು ಹೆಂಡತಿಗೆ ಹೇಳಿದ. ಪರೀಕ್ಷೆ ಹತ್ತಿರ ಬಂದದ್ದಕ್ಕೆ ಉಮ್ಮ ಹೀಗೆ ಬಡಿಸುತ್ತಿದ್ದಾಳೆ ಎಂದುಕೊಂಡು ಸಮದ್ ಮೀನು ತಿಂದ.

ಆಮೇಲೆ ನಡೆದದ್ದಕ್ಕೆ ಇಬ್ಬರ ದಿನಚರಿಯೇ ಕಾರಣ. ಬೆಳಗಿನ ಸುಬಹಿ ನಮಾಜು ಮುಗಿಸಿ ನೂರ್ ಬ್ಯಾರಿ ಸರಕು ತರಲು ಬಂದರಿಗೆ ಹೋಗುವನು. ಅವನ ಬೆನ್ನು ಮರೆಯಾದೊಡನೆ ಸಮದ್ ಗಂಟು ಬಿಚ್ಚಿ, ಬಾವಿಯ ಹಿಂದೆ ಹಲಸಿನ ಹಲಗೆಗೆ ಬಿಗಿದ ಹಳೆಯ ವೈಸಿನಲ್ಲಿ ತುಂಡನ್ನು ಕಚ್ಚಿಸಿ ಅರ ಹಾಕುವನು. ಎಂಟಕ್ಕೆ ಒರಸಿ, ಎಣ್ಣೆ ಹಚ್ಚಿ, ಅಟ್ಟದಲ್ಲಿಟ್ಟು ಗುಡ್ಡ ಹತ್ತುವನು. ಎಂಟೂವರೆಗೆ ಬಾಪ ಬಂದು ಅದೇ ಗಂಟು ಬಿಚ್ಚಿ ತಕ್ಕಡಿಗೆ ಹಾಕುವನು. ಅರ್ಧ ಕಿಲೋ ಬೇಕಾದರೆ ಒಂದು ಕಿಲೋ ತೂಗಿ, ಅದನ್ನೇ ಎರಡು ತಟ್ಟೆಗೆ ಸಮಪಾಲು ಮಾಡುವನು. ಸರ್ಕಾರಿ ಕಲ್ಲಿಗೆ ಮರ್ಯಾದೆ ಕೊಡಬೇಕೆಂದು ಸಂಜೆ ಐದಕ್ಕೇ ಅದನ್ನು ಎಣ್ಣೆ ಬಟ್ಟೆಯಲ್ಲಿ ಮಲಗಿಸಿಬಿಡುವನು. ಸಮದನಿಗೆ ಬೆಳಿಗ್ಗೆ ಕೆಲವು ಸಲ ತುಂಡಿಗೆ ಬೆಲ್ಲ ಅಂಟಿದ್ದು ಕಂಡು ಆಶ್ಚರ್ಯವಾಗುತ್ತಿತ್ತು. ಬಾಪನಿಗೆ ಕಲ್ಲು ದಿನದಿಂದ ದಿನಕ್ಕೆ ಹೊಳೆಯುವುದು ಕಂಡು ಸಂತೋಷವಾಗುತ್ತಿತ್ತು. ನ್ಯಾಯವಾಗಿ ತೂಗಿದರೆ ಕಬ್ಬಿಣಕ್ಕೂ ಕಳೆ ಬರುತ್ತದೆ ಎಂದು ಅವನು ಗಿರಾಕಿಗಳಿಗೆ ತೋರಿಸಿ ಹೇಳುತ್ತಿದ್ದ.

ಏಪ್ರಿಲ್‌ನಲ್ಲಿ ಆ ತುಂಡು ಒಂದು ಕಿಲೋ ಇನ್ನೂರ ಮೂವತ್ತು ಗ್ರಾಮ್ ತೂಗುತ್ತಿತ್ತು. ಇದು ಆಮೇಲೆ ಲೆಕ್ಕ ಹಾಕಿ ತಿಳಿದದ್ದು. ಆಗ ತಿಳಿದದ್ದು ದೇಯಿಗೆ ಮಾತ್ರ. ಕಾವೂರಿನಿಂದ ಬಸಳೆ ಹೊತ್ತು ತಂದು ಮಾರುತ್ತಿದ್ದ ಆಕೆ ಹಿಂದಿರುಗುವಾಗ ಒಂದು ಕಿಲೋ ಕುಚ್ಚಿಗೆ ಅಕ್ಕಿ ಒಯ್ಯುತ್ತಿದ್ದಳು. ಮನೆಯ ಡಬ್ಬಕ್ಕೆ ಸುರಿದರೆ ತುಂಬಿ ನೆಲಕ್ಕೆ ಚೆಲ್ಲುತ್ತಿತ್ತು. ಬೇರೆ ಅಂಗಡಿಯ ಕಿಲೋ ಡಬ್ಬದ ಕೊರಳಿನವರೆಗೂ ಬರುತ್ತಿರಲಿಲ್ಲ. ಬ್ಯಾರಿಗಳ ಕಿಲೋ ದೊಡ್ಡದು ಎಂದು ಆಕೆ ಕಾವೂರಿನಲ್ಲಿ ಸಾರಿದಳು. ಮರುವಾರ ಕಾವೂರೇ ಬಿಜೈಗೆ ಇಳಿದು ಬಂತು. ಎದುರಿನ ಅಂಗಡಿಯವನು, ನನ್ನದೂ ಸರ್ಕಾರಿ ಕಿಲೋ ಎಂದು ಎಷ್ಟು ಕೂಗಿದರೂ ಜನ, ಇರಬಹುದು, ಆದರೆ ನಿನ್ನದು ಸಣ್ಣ ಕಿಲೋ ಎಂದು ಮುಂದೆ ಹೋದರು.

ನೂರ್ ಬ್ಯಾರಿಗೆ ಒಂದೇ ಚಿಂತೆ. ಎಪ್ಪತ್ತೈದು ಕಿಲೋ ಎಂದು ತಂದ ಅಕ್ಕಿಮೂಟೆ ತೂಗಿ ಮಾರಿದರೆ ಅರವತ್ತೊಂದಕ್ಕೇ ತಳ ಕಾಣುತ್ತಿತ್ತು. ಇಲಿ ಎಂದು ತೀರ್ಮಾನಿಸಿ ಒಂದು ಬೆಕ್ಕು ತಂದ. ಮೇ ತಿಂಗಳು ಬರುವಾಗ ಮೂಟೆ ಎಪ್ಪತ್ತಕ್ಕೆ ಬಂತು, ಬೆಕ್ಕಿಗೆ ಹಾಲು ಸಿಕ್ಕಿತು. ಆಮೇಲೆ ಎಪ್ಪತ್ತೈದಕ್ಕೆ ಬಂತು, ಬೆಕ್ಕಿಗೆ ಮೀನಿನ ತಲೆ ಸಿಕ್ಕಿತು. ಜೂನ್‌ನಲ್ಲಿ ಎಪ್ಪತ್ತಾರು ದಾಟಿದಾಗ ನೂರ್ ಬ್ಯಾರಿ ಬೆಕ್ಕಿನ ಮುಖವನ್ನು ಬಹಳ ಹೊತ್ತು ನೋಡಿದ. ಇಲಿ ತಿನ್ನುವ ಬೆಕ್ಕು ಸರಿ, ಆದರೆ ಅಕ್ಕಿ ತಂದಿಡುವ ಬೆಕ್ಕನ್ನು ಅವನು ಕಂಡಿರಲಿಲ್ಲ.

ಈ ಮೂರು ತಿಂಗಳಲ್ಲಿ ಒಂದೇ ಒಂದು ದಿನ ಆ ತುಂಡು ಕೂದಲೆಳೆ ಹೆಚ್ಚು ಕಡಿಮೆಯಿಲ್ಲದೆ ಒಂದು ಕಿಲೋ ಇತ್ತು. ಆ ದಿನ ಬಕ್ರೀದ್, ಅಂಗಡಿಗೆ ರಜೆ.

ಬಕ್ರೀದ್ ಕಳೆದ ಮೇಲೆ ಗೊಣಗಾಟ ಶುರುವಾಯಿತು. ದೇಯಿಯ ಡಬ್ಬದಲ್ಲಿ ಅಕ್ಕಿ ಕೊರಳಿಗಿಂತ ಕೆಳಗೆ ನಿಂತಿತು. ಆಕೆ ಡಬ್ಬವನ್ನೇ ಹೊತ್ತು ತಂದು ಅಂಗಡಿಯ ಜಗಲಿಯಲ್ಲಿಟ್ಟಳು. ಒಳಗೆ ಮಸಿಯಿಂದ ಗೆರೆ ಎಳೆದಿದ್ದಳು, ಬಾಯಂಚಿನದು ಏಪ್ರಿಲ್, ಕೆಳಗಿನದು ಜೂನ್. ಕಲ್ಲು ಅದೇ, ತಕ್ಕಡಿ ಅದೇ, ತೂಗುವ ಕೈ ಮೂವತ್ತು ವರ್ಷದ್ದು. ಮುಳ್ಳು ನಡುವೆ ಬಂದ ಮೇಲೆ ನಾಲ್ಕು ಕಾಳು ಮೇಲೆ ಹಾಕುವ ಕೈ ಅದು. ನೂರ್ ಬ್ಯಾರಿ ಕಲ್ಲನ್ನು ಎತ್ತಿ ತೋರಿಸಿದ. ಸರ್ಕಾರದ ನಕ್ಷತ್ರ ಹೊಳೆಯಿತು. ಜನ ಸುಮ್ಮನಾದರು, ಆದರೆ ಡಬ್ಬ ಸುಮ್ಮನಾಗಲಿಲ್ಲ.

ಈ ಒಗಟಿನ ಗಂಟು ಬಿಚ್ಚಿದವರು ಪಿಯುಸ್ ಪೊರ್ಬುಗಳು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಅವರು ದಿನವೂ ಅಂಗಡಿಯ ಬೆಂಚಿನಲ್ಲಿ ಕುಳಿತು ಪತ್ರಿಕೆ ಓದಿ, ಪತ್ರಿಕೆಯಲ್ಲಿ ಇಲ್ಲದ್ದನ್ನು ಹೇಳುತ್ತಿದ್ದರು. ಡಬ್ಬವನ್ನು ಕನ್ನಡಕ ಏರಿಸಿ ನೋಡಿ ಅವರು ದೀರ್ಘವಾಗಿ ಉಸಿರೆಳೆದರು.

‘ಬ್ಯಾರಿಗಳದ್ದು ತಪ್ಪಿಲ್ಲ,’ ಎಂದರು. ‘ನನಗೆ ಮೊದಲೇ ಸಂಶಯ ಇತ್ತು. ಮೊದಲು ದೊಡ್ಡ ಕಿಲೋ ತೋರಿಸಿ ಸೇರು ಕಿತ್ತುಕೊಂಡರು. ಈಗ ವಾರಕ್ಕಿಷ್ಟು ಅಂತ ಕಿಲೋವನ್ನು ಇಳಿಸ್ತಾ ಇದ್ದಾರೆ. ಬೆಂಗಳೂರಿನಿಂದ ಮಾಡ್ತಾ ಇರುವುದು ಇದು.’

ಬೆಂಗಳೂರಿನಿಂದ ಅಟ್ಟದ ಮೇಲಿನ ಕಬ್ಬಿಣವನ್ನು ಇಳಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾಲ್ಕಾಣೆಯನ್ನು ಇಪ್ಪತ್ತೈದು ಪೈಸೆ ಮಾಡಿದ ಸರ್ಕಾರಕ್ಕೆ ಇದು ಯಾವ ಮಹಾ ಎಂಬುದು ಜಗಲಿಯ ಒಮ್ಮತದ ಅಭಿಪ್ರಾಯವಾಯಿತು. ಪೊರ್ಬುಗಳು ಇಂಗ್ಲಿಷಿನಲ್ಲಿ ಮೂರು ಪುಟದ ಅರ್ಜಿ ಬರೆದರು. ಏಪ್ರಿಲ್‌ನಲ್ಲಿ ಇದ್ದ ಕಿಲೋ ಜೂನ್‌ನಲ್ಲಿ ಇಲ್ಲವೆಂದೂ, ಹೀಗೆಯೇ ಹೋದರೆ ದೀಪಾವಳಿಗೆ ಕಿಲೋ ಎಂಬುದು ಒಂದು ಹಿಡಿಯಾಗುವುದೆಂದೂ ಅದರಲ್ಲಿತ್ತು. ಹನ್ನೊಂದು ಜನ ರುಜು ಹಾಕಿದರು. ಮೊದಲ ರುಜು ನೂರ್ ಮುಹಮ್ಮದನದ್ದು. ಕಿಲೋ ಕುಗ್ಗಿದರೆ ಎಲ್ಲರಿಗಿಂತ ಹೆಚ್ಚು ಅವಮಾನ ತನಗೇ ಎಂದು ಅವನು ಹೇಳಿದ್ದು ಅಕ್ಷರಶಃ ನಿಜವಾಯಿತು.

ಅರ್ಜಿಗಳನ್ನು ಓದದೆ ಇರುವ ಸರ್ಕಾರ ಇದನ್ನು ಓದಿತು. ಜೂನ್ ಕೊನೆಯ ವಾರ, ಜಡಿಮಳೆಯಲ್ಲಿ, ಇನ್ಸ್‌ಪೆಕ್ಟರರ ಜೀಪು ಅಂಗಡಿಯ ಮುಂದೆ ನಿಂತಿತು. ಕೈಯಲ್ಲಿ ಮಖಮಲ್ಲಿನ ಪೆಟ್ಟಿಗೆ, ಅದರೊಳಗೆ ಹಿತ್ತಾಳೆಯ ಅಸಲು ಕಿಲೋ. ಬಿಜೈ ಮಂದಿ ಕೊಡೆ ಮಡಚಿ ಜಗಲಿ ಹತ್ತಿದರು. ಇನ್ಸ್‌ಪೆಕ್ಟರರು ಒಂದು ತಟ್ಟೆಯಲ್ಲಿ ಹಿತ್ತಾಳೆಯನ್ನೂ ಇನ್ನೊಂದರಲ್ಲಿ ನೂರ್ ಬ್ಯಾರಿಯ ಕಲ್ಲನ್ನೂ ಇಟ್ಟರು. ಕಲ್ಲಿನ ತಟ್ಟೆ ಮೇಲಕ್ಕೆ ಹೋಯಿತು. ಅವರು ಅದಕ್ಕೆ ಹತ್ತು ಗ್ರಾಮಿನ ಬಿಲ್ಲೆ ಹಾಕಿದರು, ಆಮೇಲೆ ಐದು, ಆಮೇಲೆ ಎರಡು, ಮತ್ತೆ ಎರಡು. ಮುಳ್ಳು ನಡುವೆ ನಿಂತಿತು.

‘ಹತ್ತೊಂಬತ್ತು ಗ್ರಾಮ್ ಕಡಿಮೆ,’ ಎಂದರು. ‘ಏನ್ರೀ ಇದು? ಎಲ್ಲಿ ತಗೊಂಡ್ರಿ?’

ಮಗನ ಕಾಲೇಜಿನಿಂದ ಬಂದದ್ದು ಎಂದ ನೂರ್ ಬ್ಯಾರಿ. ಯಾವ ಕಾಲೇಜಿನಲ್ಲಿ ತೂಕದ ಕಲ್ಲು ಕೊಡುತ್ತಾರೆ ಎಂದು ಅವರು ಕೇಳಿದರು. ಇನ್ಸ್‌ಪೆಕ್ಟರರು ಶಿಸ್ತಿನ ಮನುಷ್ಯರು, ಅಲ್ಲಿಯೇ ಕುಳಿತು ಮಹಜರು ಬರೆದರು. ಕಲ್ಲನ್ನು ಬಿಳಿ ಬಟ್ಟೆಯಲ್ಲಿ ಹೊಲಿಸಿ, ಅರಗು ಕಾಯಿಸಿ ನಾಲ್ಕು ಕಡೆ ಸೀಲು ಒತ್ತಿದರು. ನಾಳೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ ಎಂದು ಹೇಳಿ ಜೀಪು ಹತ್ತಿದರು. ಜಗಲಿ ಖಾಲಿಯಾಯಿತು. ದೇಯಿ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೀಗಾಗುತ್ತದೆಂದು ಗೊತ್ತಿದ್ದರೆ ಗೆರೆಯನ್ನೇ ಎಳೆಯುತ್ತಿರಲಿಲ್ಲ ಎಂದು ಹೇಳಿ ಹೋದಳು. ಪೊರ್ಬುಗಳು ಪತ್ರಿಕೆಯನ್ನು ಓದದೆಯೇ ಮಡಚಿದರು. ನೂರ್ ಬ್ಯಾರಿ ಖಾಲಿ ತಕ್ಕಡಿಯ ಮುಂದೆ ಕುಳಿತ. ತೂಕದಲ್ಲಿ ಮೋಸ ಮಾಡುವವನಿಗೆ ಪರಲೋಕದಲ್ಲಿ ಏನು ಕಾದಿದೆ ಎಂದು ಚಿಕ್ಕಂದಿನಿಂದ ಕೇಳಿದವನು ಅವನು. ಆ ಹತ್ತೊಂಬತ್ತು ಗ್ರಾಮ್ ಅವನ ಎದೆಯ ಮೇಲೆ ಹತ್ತೊಂಬತ್ತು ಮೂಟೆಯಾಗಿ ಕುಳಿತಿತು.

ಆರು ಗಂಟೆಗೆ ಸಮದ್ ಬಂದ. ಮರುದಿನವೇ ಪರೀಕ್ಷೆ. ಬೆಂಗಳೂರಿನಿಂದ ಪರೀಕ್ಷಕರು ಬಂದಿದ್ದರು. ತುಂಡು ಆ ಬೆಳಿಗ್ಗೆಯಷ್ಟೇ ಸಿದ್ಧವಾಗಿತ್ತು, ಇನ್ನು ಒಂದು ಸಲ ಒರಸಿ ಒಯ್ಯುವುದು ಮಾತ್ರ. ಅವನು ಅಟ್ಟಕ್ಕೆ ಕೈ ಹಾಕಿದ. ಎಣ್ಣೆ ಬಟ್ಟೆ ಇತ್ತು, ತುಂಡು ಇರಲಿಲ್ಲ.

ಎಂಥ ಗಳಿಗೆ ನೋಡಿ, ಬೀಫಾತಿಮ್ಮ ಆ ದಿನ ತಂಗಿಯ ಮಗಳ ಹೆರಿಗೆಗೆಂದು ಬಜಪೆಗೆ ಹೋಗಿದ್ದಳು. ಮನೆಯಲ್ಲಿ ತಂದೆ, ಮಗ ಮತ್ತು ಬೆಕ್ಕು. ಮಾತು ದಾಟಿಸಲು ಮನುಷ್ಯರಿಲ್ಲ. ಸಮದ್ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ. ಬಾಪ ಗೋಡೆ ನೋಡಿದ. ಕೊನೆಗೆ ಸಮದ್ ಬೆಕ್ಕಿನ ಕಡೆ ತಿರುಗಿದ.

‘ಇಲ್ಲಿ ಒಂದು ಕಬ್ಬಿಣದ ತುಂಡು ಇತ್ತು. ನಾಳೆ ಪರೀಕ್ಷೆಗೆ ಅದು ಬೇಕು,’ ಎಂದು ಬೆಕ್ಕಿಗೆ ಹೇಳಿದ.

ನೂರ್ ಬ್ಯಾರಿಯೂ ಬೆಕ್ಕನ್ನೇ ನೋಡುತ್ತ, ‘ಅದನ್ನು ಇನ್ಸ್‌ಪೆಕ್ಟರ್ ಕೊಂಡುಹೋದರು. ತೂಕ ಕಡಿಮೆ ಉಂಟಂತೆ,’ ಎಂದ.

‘ಅದಕ್ಕೆ ಎಂತ ತೂಕ? ಅದು ಪರೀಕ್ಷೆಯ ಜಾಬ್ ಅಲ್ಲವಾ?’ ಎಂದ ಸಮದ್, ಇನ್ನೂ ಬೆಕ್ಕಿಗೆ. ‘ಮೂರು ತಿಂಗಳು ದಿನವೂ ಅರ ಹಾಕಿ ಸಣ್ಣ ಮಾಡಿದ್ದು.’

ಬೆಕ್ಕು ಇಬ್ಬರ ಮುಖವನ್ನೂ ನೋಡಿ, ಇದು ತನ್ನ ವ್ಯವಹಾರವಲ್ಲವೆಂದು ಎದ್ದುಹೋಯಿತು. ಹಾಗೆ ತಂದೆ ಮಗ ಎದುರು ಬದುರಾಗಿ ಉಳಿದರು. ನೂರ್ ಬ್ಯಾರಿಗೆ ಏಪ್ರಿಲ್‌ನ ಅರವತ್ತೊಂದು ಕಿಲೋ ಮೂಟೆಯಿಂದ ಜೂನ್‌ನ ಡಬ್ಬದವರೆಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವನು ಮಗನ ಮುಖವನ್ನೇ ನೋಡಿ ನಡೆದದ್ದನ್ನೆಲ್ಲ ಹೇಳಿದ. ಸಮದ್ ಕೇಳಿದ. ಹತ್ತು ವರ್ಷದಲ್ಲಿ ಆಡದ ಮಾತನ್ನು 1ನೆಯ ನಂಬರಿನ ತುಂಡು ಅರ್ಧ ಗಂಟೆಯಲ್ಲಿ ಆಡಿಸಿತು. ಸಮದ್ ಸಿಟ್ಟಾಗಲಿಲ್ಲ. ಇನ್ನೊಂದು ತುಂಡು ಮಾಡಲು ತನಗೆ ಇನ್ನೂ ಮೂರು ತಿಂಗಳು ಬೇಕು, ಪರೀಕ್ಷಕರು ನಾಳೆ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ ಎಂದಷ್ಟೇ ಹೇಳಿದ. ಸಿಟ್ಟಾಗಿದ್ದರೆ ಬಾಪನಿಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಗುಡ್ಡ ಹತ್ತಿದರು. ಕಾಲೇಜು ಎಂದು ಎರಡು ವರ್ಷ ಹೊಗಳಿದ ಜಾಗವನ್ನು ನೂರ್ ಬ್ಯಾರಿ ಆ ದಿನವೇ ಮೊದಲ ಸಲ ಕಂಡದ್ದು. ಮೇಜಿನ ಮೇಲೆ ಹದಿನೇಳು ಚೌಕ ತುಂಡುಗಳು ಸಾಲಾಗಿ ಕುಳಿತಿದ್ದವು. ಎಲ್ಲದರ ಮೇಲೂ ಅದೇ ನಕ್ಷತ್ರ, ಎರಡರಿಂದ ಹದಿನೆಂಟರವರೆಗೆ ಅಂಕೆಗಳು. ಹದಿನೆಂಟು ಕಿಲೋದ ಕಲ್ಲು ಹದಿನೆಂಟು ಪಾಲು ದೊಡ್ಡದಿರಬೇಕಾಗಿತ್ತು. ಎಲ್ಲವೂ ಒಂದೇ ಗಾತ್ರ. ನೂರ್ ಬ್ಯಾರಿಗೆ ತನ್ನ ಬುದ್ಧಿಯ ಗಾತ್ರವೂ ಆಗ ತಿಳಿಯಿತು.

ಯೂಸ್ಟೇಸ್ ಮಾಸ್ಟರರು ಇಡೀ ಕಥೆ ಕೇಳಿ ಹಣೆಗೆ ಕೈ ಹಚ್ಚಿಕೊಂಡರು. ಎರಡು ವರ್ಷದಲ್ಲಿ ತಾನು ಕಂಡ ಅತ್ಯಂತ ನಿಧಾನದ ಹುಡುಗ ಇವನು, ಅತ್ಯಂತ ಸರಿಯಾದ ಕೈಯೂ ಇವನದೇ, ತುಂಡು ಇಲ್ಲದೆ ಅದನ್ನು ಯಾರಿಗೆ ತೋರಿಸಲಿ ಎಂದು ಕೊರಗಿದರು. ಆಮೇಲೆ ಪರೀಕ್ಷಕರ ಕಿವಿಯಲ್ಲಿ ಏನೋ ಹೇಳಿದರು. ಪರೀಕ್ಷಕರು ತೆಳ್ಳಗಿನ, ನಗದ ಮನುಷ್ಯ. ತಮ್ಮ ಅಳತೆಯ ಸಲಕರಣೆಗಳನ್ನು ಚೀಲಕ್ಕೆ ತುಂಬಿ, ನಡೆಯಿರಿ, ಬಸ್ಸು ಎರಡಕ್ಕೆ ಎಂದರು.

ತೂಕದ ಆಫೀಸಿನಲ್ಲಿ ಪಿಯುಸ್ ಪೊರ್ಬುಗಳು ಅರ್ಜಿದಾರರೆಂದು ಮೊದಲೇ ಬಂದು ಕುಳಿತಿದ್ದರು. ಇನ್ಸ್‌ಪೆಕ್ಟರರು ಬೇರೆ ಇಲಾಖೆಯ ಅಧಿಕಾರಿಯ ಮೇಲಿನ ಗೌರವದಿಂದ, ಸಾಕ್ಷಿಗಳ ಎದುರು ಸೀಲು ಒಡೆದರು. ಪರೀಕ್ಷಕರು ತುಂಡನ್ನು ಕಿಟಕಿಯ ಹತ್ತಿರ ಒಯ್ದು ಮೂಲೆಮಟ್ಟ ಇಟ್ಟು ನೋಡಿದರು. ಮೂಲೆ ಒಂದಿಷ್ಟು ಓರೆಯಿದ್ದರೆ ಕಬ್ಬಿಣಕ್ಕೂ ಮಟ್ಟಕ್ಕೂ ನಡುವೆ ಬೆಳಕು ತೂರುತ್ತದೆ. ಹನ್ನೆರಡು ಅಂಚುಗಳನ್ನೂ ತಿರುಗಿಸಿ ನೋಡಿದರು. ಎಲ್ಲಿಯೂ ಬೆಳಕು ತೂರಲಿಲ್ಲ. ಆಮೇಲೆ ವರ್ನಿಯರ್ ತೆಗೆದು ಅಳೆದರು. ಐವತ್ತು, ಐವತ್ತು, ಐವತ್ತು.

‘ತೂಕ ಎಷ್ಟು ಬಂತು ಅಂದ್ರಿ?’ ಎಂದು ಕೇಳಿದರು.

ಒಂಬೈನೂರ ಎಂಬತ್ತೊಂದು ಗ್ರಾಮ್ ಎಂದರು ಇನ್ಸ್‌ಪೆಕ್ಟರರು. ಪರೀಕ್ಷಕರು ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ ಏನೋ ಗುಣಿಸಿದರು. ಅವರ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು.

‘ಇಷ್ಟು ಅಳತೆಯ ಉಕ್ಕು ಇಷ್ಟೇ ತೂಗಬೇಕು. ಇದು ಪೂರ್ತಿ ಒಂದು ಕಿಲೋ ಇದ್ದಿದ್ರೆ ಹುಡುಗ ಫೇಲಾಗ್ತಿದ್ದ.’

ಹೀಗೆ ಬಾಪನನ್ನು ಕೆಡಿಸಿದ ಹತ್ತೊಂಬತ್ತು ಗ್ರಾಮೇ ಮಗನ ವಿದ್ಯೆಗೆ ರುಜುವಾತಾಯಿತು. ಎಲ್ಲರೂ ಹಗುರಾಗಿ ಉಸಿರುಬಿಡುವಾಗ ಇನ್ಸ್‌ಪೆಕ್ಟರರು ಗಂಟಲು ಸರಿಮಾಡಿಕೊಂಡರು. ಮಹಜರಿನಲ್ಲಿ ಇದು ವ್ಯಾಪಾರದ ತೂಕ ಎಂದು ಬರೆದಾಗಿದೆ. ಮುಟ್ಟುಗೋಲಾದ ತೂಕಕ್ಕೆ ಮಾರ್ಕು ಕೊಡುವ ಅಧಿಕಾರ ತನಗಿಲ್ಲ ಎಂದು ಪರೀಕ್ಷಕರೂ ಒಪ್ಪಿದರು. ಇದು ತೂಕವಲ್ಲ, ಬರೀ ಪರೀಕ್ಷೆಯ ತುಂಡು ಎಂದಾದರೆ ಕೇಸೂ ಇಲ್ಲ, ತೊಂದರೆಯೂ ಇಲ್ಲ. ಅದಕ್ಕೆ ಅಂಗಡಿಯವನು ಒಂದು ಮಾತು ಹೇಳಿದರೆ ಸಾಕು, ಇದರಲ್ಲಿ ತಾನು ಯಾವತ್ತೂ ತೂಗಿಲ್ಲ, ಸುಮ್ಮನೆ ಅಂಗಡಿಯಲ್ಲಿ ಬಿದ್ದಿತ್ತು ಎಂದು. ಇನ್ಸ್‌ಪೆಕ್ಟರರು ಕಠಿಣ ಮನುಷ್ಯರಾಗಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು ಕಿಟಕಿಯ ಆಚೆ ಮಳೆ ನೋಡಿದರು.

ಪೊರ್ಬುಗಳು ಕನ್ನಡಕ ತೆಗೆದು ಒರಸುತ್ತ, ತನಗೆ ವಯಸ್ಸಾಯಿತು, ಅಂಗಡಿಯಲ್ಲಿ ಯಾವುದರಲ್ಲಿ ತೂಗುತ್ತಿದ್ದರೋ ಸರಿಯಾಗಿ ಕಂಡದ್ದಿಲ್ಲ ಎಂದು ಯಾರಿಗೆಂದಿಲ್ಲದೆ ಹೇಳಿದರು. ಮೂರು ಪುಟ ಕಂಡು ಬರೆದ ಮನುಷ್ಯ ಹೀಗೆ ಹೇಳಿದ್ದು ಅವರ ಜೀವನದ ದೊಡ್ಡ ತ್ಯಾಗ. ಮಾಸ್ಟರರು ತಮ್ಮ ಚಪ್ಪಲಿ ನೋಡಿಕೊಂಡರು. ಇಡೀ ಕೋಣೆ ಒಂದು ಸಣ್ಣ ಸುಳ್ಳಿಗಾಗಿ ಮರ್ಯಾದೆಯಿಂದ ಕಾದಿತ್ತು.

ನೂರ್ ಬ್ಯಾರಿ ಮಗನನ್ನು ನೋಡಿದ. ಸಮದ್ ಮೇಜಿನ ಮೇಲಿನ ತುಂಡನ್ನೇ ನೋಡುತ್ತಿದ್ದ. ಒಂದು ಮಾತು, ಮಗನಿಗೆ ಕೆಲಸ. ಒಂದು ಮಾತು, ಅಂಗಡಿಗೂ ಉಳಿವು. ಆದರೆ ಕಾವೂರಿನಿಂದ ಬಸಳೆ ಹೊತ್ತು ನಡೆದು ಬರುವ ಹೆಂಗಸಿಗೆ ಕಡಿಮೆ ಅಕ್ಕಿ ತೂಗಿ ಕೊಟ್ಟ ಕೈ ತನ್ನದು.

‘ಬರೆಯಿರಿ ಸಾರ್,’ ಎಂದ. ‘ಇದರಲ್ಲಿ ಮೂರು ತಿಂಗಳು ತೂಗಿದವ ನಾನು. ಇವನಿಗೆ ಅದು ಗೊತ್ತಿಲ್ಲ. ಇವ ಪರೀಕ್ಷೆಗೆ ಮಾಡಿದ್ದನ್ನು ನಾನು ಕೇಳದೆ ತಕ್ಕಡಿಗೆ ಹಾಕಿದೆ. ನನ್ನ ತೂಕ ತಪ್ಪು. ಇವನ ತುಂಡು ಸರಿ ಉಂಟು. ಎರಡನ್ನೂ ಬರೆಯಿರಿ.’

ಇನ್ಸ್‌ಪೆಕ್ಟರರು ಪೆನ್ನು ಎತ್ತಿಕೊಂಡು ಆ ಮಾತುಗಳನ್ನು ಹೇಳಿದ ಹಾಗೆಯೇ ಬರೆದರು. ಬರೆದದ್ದನ್ನು ಪರೀಕ್ಷಕರು ಬಗ್ಗಿ ಓದಿದರು. ಒಂದು ಸಲ ಓದಿ, ಇನ್ನೊಂದು ಸಲ ಓದಿದರು.

‘ತಪ್ಪು ಅನ್ನೋ ಸಾಲು ನಿಮ್ಮ ಇಲಾಖೆದು,’ ಎಂದರು ಇನ್ಸ್‌ಪೆಕ್ಟರರಿಗೆ. ‘ಸರಿ ಅನ್ನೋ ಸಾಲು ನಮ್ಮದು. ತುಂಡು ನೀವೇ ಇಟ್ಟುಕೊಳ್ಳಿ. ನಾನು ಅಳತೆ ಮಾಡಿ ಆಗಿದೆ.’

ಅವರು ತಮ್ಮ ಹಾಳೆ ತೆಗೆದು ಒಂದನೆಯ ನಂಬರಿನ ಎದುರು ತೊಂಬತ್ತೇಳು ಎಂದು ಬರೆದರು. ಪರೀಕ್ಷೆ ಕಾಲೇಜಿನ ಹೊರಗೆ ನಡೆದದ್ದಕ್ಕೆ ಒಬ್ಬ ಸಾಕ್ಷಿ ಬೇಕೆಂದು ಹಾಳೆಯನ್ನು ನೂರ್ ಬ್ಯಾರಿಯ ಕಡೆ ತಳ್ಳಿದರು. ಅಷ್ಟರಲ್ಲಿ ಇನ್ಸ್‌ಪೆಕ್ಟರರೂ ತಪ್ಪೊಪ್ಪಿಗೆಯ ಕಾಗದವನ್ನು ಅದರ ಪಕ್ಕದಲ್ಲೇ ಇಟ್ಟರು. ನೂರ್ ಮುಹಮ್ಮದ್ ತಪ್ಪೊಪ್ಪಿಗೆಗೆ ಒಂದೇ ಏಟಿಗೆ ರುಜು ಹಾಕಿದ. ಮಗನ ಮಾರ್ಕಿನ ಕೆಳಗೆ ರುಜು ಹಾಕುವಾಗ ಮಾತ್ರ ಕಣ್ಣು ಮಂಜಾಯಿತು, ಸಮದ್ ಬಂದು ಎಲ್ಲಿ ಬರೆಯಬೇಕೆಂದು ಬೆರಳಿಟ್ಟು ತೋರಿಸಬೇಕಾಯಿತು.